ಸೈನೈಡ್ ದಿಬ್ಬದ ಮಣ್ಣಲ್ಲಿ ಮನೆ ಕಟ್ಟಬಹುದಾ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆ ಹಿಂದುಗಡೆ ಒಂದು ರೂಮು ಕಟ್ಟಿಸುತ್ತಿದ್ದೆವು. ಗೋಡೆ ಎದ್ದಿತ್ತು, ಪ್ಲಾಸ್ಟರಿಂಗ್ ಬಾಕಿ ಇತ್ತು. ಎಂ-ಸ್ಯಾಂಡ್ ಒಂದು ಲೋಡಿನ ರೇಟು ಕೇಳಿ ನಮ್ಮಪ್ಪ ಮಾತಾಡದೆ ಕೂತುಬಿಟ್ಟರು. ಆಗ ನಮ್ಮ ಮೇಸ್ತ್ರಿ ಬೀಡಿ ಹಚ್ಚಿಕೊಳ್ಳುತ್ತಾ, "ಕೆಜಿಎಫ್‌ನಲ್ಲಿ ಗುಡ್ಡಗಟ್ಟಲೆ ಮರಳು ಸುಮ್ನೆ ಬಿದ್ದೈತಲ್ಲ ಸಾರ್. ಸಿಮೆಂಟು ಸ್ವಲ್ಪ ಜಾಸ್ತಿ ಹಾಕಿ ಕಲಸಿದ್ರೆ ಆಗಲ್ವಾ? ನೀವು ಪೇಪರ್‌ನೋರು, ನಿಮಗೆ ಗೊತ್ತಿರ್ಬೇಕು" ಅಂದರು.

ನನಗೆ ಗೊತ್ತಿರಲಿಲ್ಲ. "ಅದು ವಿಷ ಕಣ್ರೀ" ಅಂತ ಹೇಳಿ ಬಾಯಿ ಮುಚ್ಚಿಸಿದೆ. ಆದರೆ ಅವರ ಪ್ರಶ್ನೆ ತಪ್ಪೇನಲ್ಲ. ಹದ ತಪ್ಪಿದ ಮಣ್ಣಿಗೆ ಸುಣ್ಣವೋ ಸಿಮೆಂಟೋ ಸೇರಿಸಿ ಗಟ್ಟಿ ಮಾಡುವುದು ಹಳೇ ವಿದ್ಯೆ. ಕೆಟ್ಟ ಮಣ್ಣನ್ನು ಹಾಗೆಯೇ ಕಟ್ಟಿಹಾಕಿ ಕಟ್ಟಡಕ್ಕೆ ಬಳಸಬಹುದು ಅನ್ನುವುದು ಅದರ ಮುಂದಿನ ಹೆಜ್ಜೆ. ಅದೂ ಜಗತ್ತಿನಲ್ಲಿ ನಡೆದಿದೆ. ಕೆಲವು ಕಡೆ ಸರಿಹೋಗಿದೆ, ಒಂದು ಕಡೆಯಂತೂ ಊರಿಗೆ ಊರೇ ನೆಲ ಅಗೆಸಿಕೊಳ್ಳಬೇಕಾಯಿತು. ಆ ಕಥೆಯನ್ನು ಮೇಸ್ತ್ರಿಗೆ ಹೇಳುವ ಹಾಗೆ ಇಲ್ಲಿ ಹೇಳುತ್ತೇನೆ.

ಮೊದಲು ಆ ದಿಬ್ಬಗಳು ಎಲ್ಲಿಂದ ಬಂದವು ಅನ್ನೋದು.

ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ. ಕೋಲಾರದ ಕಡೆ ಚಿನ್ನ ಇದೆ ಅನ್ನುವ ಹಳೇ ಬರಹ ಓದಿ ಹುಡುಕಿಕೊಂಡು ಬಂದವನು, 1873ರಲ್ಲಿ ಗಣಿ ತೆಗೆಯಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ಕೈಯಲ್ಲಿ ದುಡ್ಡಿರಲಿಲ್ಲ, ಹಕ್ಕು ಬೇರೆಯವರಿಗೆ ಹೋಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ನಡೆಯಿತು. ಆಮೇಲಿನ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ಬರುತ್ತದೆ: 1902ರಲ್ಲಿ ಶಿವನಸಮುದ್ರದಿಂದ ಕರೆಂಟು, ಮೂರು ಕಿಲೋಮೀಟರಿಗಿಂತ ಆಳದ ಚಾಂಪಿಯನ್ ರೀಫ್ ಗಣಿ, 1956ರಲ್ಲಿ ಸರ್ಕಾರದ ವಶ, 2001ರ ಫೆಬ್ರವರಿ ಕೊನೆಗೆ ಬೀಗ. ಅಷ್ಟು ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್ ಅನ್ನುತ್ತಾರೆ.

ಚಿನ್ನದ ಲೆಕ್ಕ ಎಲ್ಲರೂ ಹೇಳುತ್ತಾರೆ. ಉಳಿದದ್ದರ ಲೆಕ್ಕ ಕೇಳುವವರು ಕಡಿಮೆ. ಒಂದು ಟನ್ ಬಂಡೆ ಒಡೆದರೆ ಸಿಗುವುದು ಕೆಲವು ಗ್ರಾಂ ಚಿನ್ನ. ಮಿಕ್ಕಿದ್ದೆಲ್ಲ ಹಿಟ್ಟು. ರಾಗಿ ಬೀಸಿದ ಹಾಗೆ ಬಂಡೆಯನ್ನು ನುಣ್ಣಗೆ ಅರೆದು, ನೀರಿನ ಜೊತೆ ಹರಿಸಿ, ಚಿನ್ನ ತೆಗೆದುಕೊಂಡು, ಉಳಿದ ರೊಚ್ಚನ್ನು ಪಕ್ಕಕ್ಕೆ ಸುರಿದರು. ವರ್ಷಾನುಗಟ್ಟಲೆ ಸುರಿದದ್ದು ಗುಡ್ಡವಾಯಿತು. ಇವತ್ತು ಲೆಕ್ಕಕ್ಕೆ ಸಿಗುವುದು 13 ದಿಬ್ಬ, ಸುಮಾರು 3 ಕೋಟಿ 30 ಲಕ್ಷ ಟನ್. ಹತ್ತು ಟನ್ನಿನ ಟಿಪ್ಪರಿನಲ್ಲಿ ಸಾಗಿಸಿದರೂ 33 ಲಕ್ಷ ಟ್ರಿಪ್ಪು. ಸಿನಿಮಾದವರು ಬಂದು ಫೈಟ್ ತೆಗೆಯುವುದು ಇವುಗಳ ಮೇಲೇ.

ಇನ್ನು "ಸೈನೈಡ್" ಅನ್ನೋ ಹೆಸರು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಎಂಬ ರಸಾಯನ ತಜ್ಞ, ಫಾರೆಸ್ಟ್ ಎಂಬ ಇಬ್ಬರು ಡಾಕ್ಟರ್ ಅಣ್ಣತಮ್ಮಂದಿರ ಜೊತೆ ಸೇರಿ, ತೆಳುವಾದ ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ಹಿಂದಕ್ಕೆ ಪಡೆಯುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವೂ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಜಗತ್ತಿನ ಗಣಿಗಳೆಲ್ಲ ಅದಕ್ಕೆ ತಿರುಗಿದವು, ನಮ್ಮ ಕೋಲಾರವೂ ತಿರುಗಿತು.

ಜನ ಹೆದರುವುದು ಸೈನೈಡಿಗೆ. ನಿಜ ಹೇಳಬೇಕೆಂದರೆ ದಿಬ್ಬದಲ್ಲಿ ಅದೊಂದೇ ಹೆದರಿಕೆಯಲ್ಲ, ಮೊದಲನೆಯದೂ ಅಲ್ಲ. ಬಿಡಿ ಸೈನೈಡು ಬಿಸಿಲಿಗೆ, ಗಾಳಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಕಾಲಕ್ರಮೇಣ ಒಡೆದುಹೋಗುತ್ತದೆ. ಕಬ್ಬಿಣದ ಜೊತೆ ಗಂಟುಬಿದ್ದ ಸೈನೈಡು ಮಾತ್ರ ಬಹಳ ಕಾಲ ಹಾಗೇ ಇರುತ್ತದೆ. ಆದರೆ ಚಿನ್ನದ ಬಂಡೆಯಲ್ಲಿ ಸಾಮಾನ್ಯವಾಗಿ ಗಂಧಕ ಸೇರಿದ ಖನಿಜಗಳಿರುತ್ತವೆ, ಅವುಗಳ ಜೊತೆಗೆ ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ ಅದರ ಮೂಲವಸ್ತು, ಸೀಸದಂಥ ಲೋಹ ಇರಬಹುದು. ಇವು ಒಡೆದುಹೋಗುವಂಥವಲ್ಲ. ನೂರು ವರ್ಷ ಬಿಟ್ಟು ಬಂದರೂ ಆರ್ಸೆನಿಕ್ ಆರ್ಸೆನಿಕ್ಕೇ.

ಇವೆಲ್ಲಕ್ಕಿಂತ ಸಾದಾ ಶತ್ರು ಇನ್ನೊಂದಿದೆ, ಬೆಣಚುಕಲ್ಲಿನ ಧೂಳು. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಈ ಕಾಯಿಲೆಗೆ ಪರಿಹಾರ ಕೊಡುವ ನಿಯಮವನ್ನು ಮೈಸೂರು ಸರ್ಕಾರ 1940ರಲ್ಲೇ ತಂದದ್ದು ಕೆಜಿಎಫ್ ಕಾರ್ಮಿಕರಿಂದಾಗಿ. ಆ ದಶಕದಲ್ಲಿ ಸಾವಿರಾರು ಕಾರ್ಮಿಕರ ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಅದು ಸಿಕ್ಕಿತು. ದಿಬ್ಬದ ಹಿಟ್ಟು ಅದೇ ಬಂಡೆಯನ್ನು ಅರೆದದ್ದು. ಜೂನ್-ಜುಲೈ ಗಾಳಿಗೆ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆ ಹೋಗಿ ನೋಡಿ, ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಬಣ್ಣದ ಪದರ ಕೂತಿರುತ್ತದೆ. ಹಾಗಾಗಿ ಮೇಸ್ತ್ರಿ ಜರಡಿ ಹಿಡಿದು ಒಣಮಣ್ಣು ಜಾಲಿಸುವ ಆ ಅರ್ಧ ಗಂಟೆ, ಮನೆಯಲ್ಲಿ ವಾಸ ಮಾಡುವವರಿಗಿಂತ ಮೊದಲು ಅವರಿಗೇ ಅಪಾಯ.

ಈಗ ಮಣ್ಣನ್ನು ಗಟ್ಟಿ ಮಾಡುವ ಕಥೆಗೆ ಬರೋಣ.

ಸುಣ್ಣ ಸೇರಿಸಿ ಮಣ್ಣು ದಮ್ಮಸ್ಸು ಹಾಕುವುದು ನಮ್ಮಲ್ಲೂ ಇತ್ತು, ರೋಮನ್ನರಲ್ಲೂ ಇತ್ತು. ಸಿಮೆಂಟಿನ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಲೆಕ್ಕ ಹಾಕಿ ಮಣ್ಣಿಗೆ ಬೆರೆಸಿದ್ದು ಮಾತ್ರ ಇತ್ತೀಚಿನದು. ಅಮೆರಿಕದ ಸೌತ್ ಕೆರೊಲಿನಾದ ಜಾನ್ಸನ್‌ವಿಲ್ ಹತ್ತಿರ 1935ರಲ್ಲಿ ಹಾಕಿದ ರಸ್ತೆಯನ್ನು ಅದರ ಮೊದಲ ದೊಡ್ಡ ಉದಾಹರಣೆ ಅನ್ನುತ್ತಾರೆ. ನಮ್ಮ ದೇಶದಲ್ಲಿ ದೇಶವಿಭಜನೆಯಾದಾಗ ನಿರಾಶ್ರಿತರಿಗೆ ಬೇಗ ಮನೆ ಬೇಕಿತ್ತು. 1948ರ ಹೊತ್ತಿಗೆ ಕರ್ನಾಲ್‌ನಲ್ಲಿ ಮಣ್ಣಿಗೆ ಕೊಂಚ ಸಿಮೆಂಟು ಬೆರೆಸಿ, ಅಚ್ಚಿನ ಹಲಗೆ ಕಟ್ಟಿ ಕುಟ್ಟಿ, ಸುಮಾರು 4,000 ಮನೆ ಎಬ್ಬಿಸಿದರು. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಕೈಯಲ್ಲಿ ಒತ್ತುವ ಇಟ್ಟಿಗೆ ಮೆಷಿನ್ನು ಬಂತು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಹಳ್ಳಿಗಳಿಗೆ ವಿಜ್ಞಾನ ಒಯ್ಯಲೆಂದೇ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಕೆಲಸ ಮಾಡಿದರು. ಕೆಂಪುಮಣ್ಣು, ಮರಳು, ನೂರಕ್ಕೆ ಆರರಿಂದ ಎಂಟು ಭಾಗ ಸಿಮೆಂಟು, ಕೈಯಲ್ಲಿ ಒತ್ತುವ ಮೆಷಿನ್ನು, ಮೂರು ವಾರ ನೀರು ಹಾಕಿದರೆ ಸುಡದ ಇಟ್ಟಿಗೆ ತಯಾರು. ಬೆಂಗಳೂರಿನಲ್ಲಿ ಈಗ ದುಡ್ಡಿರುವವರು ಆಸೆಪಟ್ಟು ಕಟ್ಟಿಸುವ ಮಣ್ಣಿನ ಇಟ್ಟಿಗೆ ಮನೆಗಳು ಆ ವಂಶದವೇ. ಹಳ್ಳಿಗೆಂದು ಶುರುವಾದದ್ದು ಸಿಟಿಗೆ ಹೋಗಿ ಫ್ಯಾಷನ್ ಆದದ್ದು ಬೇರೆ ವಿಚಾರ.

ಇಲ್ಲಿಯವರೆಗೆ ಮಣ್ಣು ಶುದ್ಧ. ಕೇಳುತ್ತಿದ್ದ ಪ್ರಶ್ನೆ ಒಂದೇ: ಭಾರ ತಡೆಯುತ್ತದಾ, ಮಳೆಗೆ ಕರಗುತ್ತದಾ?

ಸಿಮೆಂಟಿಗೆ ಎರಡನೇ ಕೆಲಸ ಸಿಕ್ಕಿದ್ದು 1950ರ ದಶಕದಲ್ಲಿ. ಅಣುಸ್ಥಾವರಗಳ ವಿಷದ ನೀರನ್ನು ಏನು ಮಾಡುವುದೆಂದು ತಿಳಿಯದೆ ಸಿಮೆಂಟಿಗೆ ಕಲಸಿ ಗಟ್ಟಿ ಮಾಡಿ ಇಡಲು ಶುರುಮಾಡಿದರು. 1978ರಲ್ಲಿ ಅಮೆರಿಕದ ಲವ್ ಕೆನಾಲ್ ಎಂಬ ಬಡಾವಣೆಯಲ್ಲಿ, ಹೂತಿಟ್ಟ ಕಾರ್ಖಾನೆ ವಿಷ ಮನೆಗಳ ನೆಲಮಾಳಿಗೆಗೆ ಜಿನುಗಿದ್ದು ದೊಡ್ಡ ಗಲಾಟೆಯಾಯಿತು. 1980ರಲ್ಲಿ ಅಲ್ಲಿ ಕೆಟ್ಟ ನೆಲ ಶುಚಿಮಾಡುವ ಕಾನೂನು ಬಂತು. ಟನ್ನುಗಟ್ಟಲೆ ಕೆಟ್ಟ ಮಣ್ಣನ್ನು ಬೇರೆಲ್ಲಿಗೋ ಸಾಗಿಸುವ ಬದಲು ಇದ್ದಲ್ಲೇ ಸಿಮೆಂಟು, ಸುಣ್ಣ, ಹಾರುಬೂದಿ ಬೆರೆಸಿ ಕಟ್ಟಿಹಾಕುವುದು ಆಮೇಲೆ ಮಾಮೂಲಾಯಿತು.

ಕಟ್ಟಿಹಾಕುವುದು ಹೇಗೆ? ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಬಹಳ ಕ್ಷಾರವಾಗುತ್ತದೆ. ಸುಣ್ಣದ ನೀರಿನಲ್ಲಿ ಕೈ ಉರಿಯುತ್ತದಲ್ಲ, ಆ ಗುಣ. ಆ ಕ್ಷಾರದಲ್ಲಿ ಹಲವು ಲೋಹಗಳು ನೀರಿನಲ್ಲಿ ಕರಗದ ರೂಪಕ್ಕೆ ಬದಲಾಗುತ್ತವೆ. ಜೊತೆಗೆ ಕಣಗಳ ಸುತ್ತ ಸಿಮೆಂಟಿನ ಅಂಟು ಹೆಣೆದುಕೊಂಡು ನೀರು ಒಳಗೆ ನುಗ್ಗುವುದು ಕಡಿಮೆಯಾಗುತ್ತದೆ. ನೀರು ಒಳಗೆ ಹೋಗದಿದ್ದರೆ ವಿಷ ಹೊರಗೆ ಬರುವುದಕ್ಕೂ ದಾರಿ ಕಡಿಮೆ.

ಅಷ್ಟಕ್ಕೇ ನಿಲ್ಲಿಸಿದರೆ ನಮ್ಮ ಮೇಸ್ತ್ರಿ ಗೆದ್ದಂತೆ. ಆದರೆ "ಸಿಮೆಂಟು ಸ್ವಲ್ಪ ಜಾಸ್ತಿ" ಅನ್ನುವ ಮಾತಿನಲ್ಲೇ ತೊಡಕಿದೆ. ಸೀಸ ಒಂದು ಮಟ್ಟದ ಕ್ಷಾರದಲ್ಲಿ ಕಟ್ಟಿಬೀಳುತ್ತದೆ, ಕ್ಷಾರ ಅದಕ್ಕಿಂತ ಬಹಳ ಏರಿದರೆ ಮತ್ತೆ ಕರಗಲು ಶುರುವಾಗುತ್ತದೆ. ಆರ್ಸೆನಿಕ್ ಈ ಲೋಹಗಳ ಹಾಗೆ ನಡೆದುಕೊಳ್ಳುವುದಿಲ್ಲ, ಅದನ್ನು ಹಿಡಿಯಲು ಕಬ್ಬಿಣದ ಅಂಶ ಸೇರಿಸುವ ಬೇರೆ ದಾರಿ ಬೇಕಾಗುತ್ತದೆ. ಗಂಧಕದ ಖನಿಜ ಜಾಸ್ತಿ ಇದ್ದರೆ ಅದು ಗಾಳಿ-ನೀರು ತಾಗಿ ಆಮ್ಲವಾಗುತ್ತದೆ, ಆಮ್ಲ ಸಿಮೆಂಟನ್ನೇ ತಿನ್ನುತ್ತದೆ. ಅದರಿಂದ ಹುಟ್ಟುವ ಉಪ್ಪು ಒಳಗೇ ಉಬ್ಬಿ ಬಿರುಕು ಬಿಡಿಸುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹೀಗೇ ಆಗಿದೆ: ಜಲ್ಲಿಕಲ್ಲಿನಲ್ಲಿ ಗಂಧಕದ ಒಂದು ಖನಿಜ ಇದ್ದದ್ದರಿಂದ, 1980ರ ದಶಕದಿಂದೀಚೆಗೆ ಹಾಕಿದ ಕಾಂಕ್ರೀಟ್ ಅಡಿಪಾಯಗಳು ಹತ್ತಿಪ್ಪತ್ತು ವರ್ಷಕ್ಕೆ ರೊಟ್ಟಿಯ ಹಾಗೆ ಮುರಿಯತೊಡಗಿದವು. ಹಾಕಿದ ದಿನ ಅವೂ ಗಟ್ಟಿಯಾಗೇ ಇದ್ದವು.

ಹಾಗಾಗಿ ಗಟ್ಟಿತನ ನೋಡುವ ಪರೀಕ್ಷೆ ಬೇರೆ, ಸೋರಿಕೆ ನೋಡುವ ಪರೀಕ್ಷೆ ಬೇರೆ ಅನ್ನುವುದು ನಿಧಾನಕ್ಕೆ ಅರ್ಥವಾಯಿತು. 1990ರಲ್ಲಿ ಅಮೆರಿಕದ ಪರಿಸರ ಇಲಾಖೆ ಜಾರಿಗೆ ತಂದ ಒಂದು ಪರೀಕ್ಷೆ ಕೇಳಿದರೆ ತಮಾಷೆ ಅನ್ನಿಸುತ್ತದೆ. ಕಟ್ಟಿಹಾಕಿದ ಮಣ್ಣನ್ನು ಬೇಕೆಂದೇ ಒಡೆದು ಚೂರು ಮಾಡುತ್ತಾರೆ. ವಿನೆಗರ್‌ನಲ್ಲಿರುವಂಥ ಆಮ್ಲವನ್ನು ತೆಳುವಾಗಿ ಬೆರೆಸಿದ ನೀರಿಗೆ ಹಾಕಿ, ಡಬ್ಬಿಯನ್ನು ಹದಿನೆಂಟು ಗಂಟೆ ತಲೆಕೆಳಗಾಗಿ ತಿರುಗಿಸುತ್ತಾರೆ. ಆಮೇಲೆ ಸೋಸಿ, ನೀರಿನಲ್ಲಿ ಏನು ಬಂತು ಅಂತ ಅಳೆಯುತ್ತಾರೆ. ಇಟ್ಟಿಗೆ ಇವತ್ತು ಹೇಗಿದೆ ಅಂತಲ್ಲ, ಒಡೆದು ಬಿದ್ದು ಮಳೆ ನೆನೆದ ಮೇಲೆ ಹೇಗಿರುತ್ತದೆ ಅಂತ ಕೇಳುವ ಪರೀಕ್ಷೆ ಅದು.

ಆ ಪ್ರಶ್ನೆಯನ್ನೇ ಕೇಳದೆ ಕಟ್ಟಿದ ಊರು ಗ್ರ್ಯಾಂಡ್ ಜಂಕ್ಷನ್. ನಾನು ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ಇದು.

ಅಮೆರಿಕದ ಕೊಲೊರಾಡೊ ನದಿ ದಡದ ಈ ಊರಲ್ಲಿ 1951ರಿಂದ 1970ರವರೆಗೆ ಯುರೇನಿಯಂ ಅದಿರು ಅರೆಯುವ ಕಾರ್ಖಾನೆ ಇತ್ತು. ಅಣುಬಾಂಬಿನ ಕಾಲ, ಊರು ಬೆಳೆಯುತ್ತಿತ್ತು, ಮನೆಗಳು ಏಳುತ್ತಿದ್ದವು. ಕಾರ್ಖಾನೆ ಪಕ್ಕದಲ್ಲಿ ಅದಿರು ತೆಗೆದು ಉಳಿದ ಮರಳಿನ ಗುಡ್ಡ. ನುಣುಪು, ಒಂದೇ ಸಮ, ಅದಕ್ಕಿಂತ ಹೆಚ್ಚಾಗಿ ಪುಕ್ಕಟೆ. ಕಂಟ್ರಾಕ್ಟರುಗಳು ಲಾರಿ ತಂದು ತುಂಬಿಕೊಂಡು ಹೋದರು. ನೆಲಕ್ಕೆ ಕಾಂಕ್ರೀಟು ಹಾಕುವ ಮುಂಚೆ ಕೆಳಗೆ ಅದನ್ನೇ ಹರಡಿದರು. ಅಡಿಪಾಯದ ಪಕ್ಕ ತುಂಬಿದರು, ಗಾರೆಗೆ ಕಲಸಿದರು, ರಸ್ತೆಗೆ, ಚರಂಡಿ ಪೈಪಿನ ಸುತ್ತ ಹಾಕಿದರು. ಕದ್ದು ಒಯ್ದದ್ದಲ್ಲ, ಯಾರೂ ತಡೆಯಲಿಲ್ಲ ಅಷ್ಟೆ. ಹೀಗೆ ಊರೊಳಗೆ ಹೋದ ಮರಳು ಸುಮಾರು 3 ಲಕ್ಷ ಟನ್.

1966ರಲ್ಲಿ ಆರೋಗ್ಯ ಇಲಾಖೆಯವರಿಗೆ ಸಂಗತಿ ಅರ್ಥವಾಗಿ ಮರಳು ಕೊಡುವುದು ನಿಂತಿತು. ಆ ಮರಳಿನಲ್ಲಿ ರೇಡಿಯಂ ಉಳಿದಿತ್ತು. ಅದರಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೆಲದ ಬಿರುಕಿನಲ್ಲಿ ಮೇಲೆ ಬಂದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮೇಲೆ ಹಾಕಿದ್ದ ಕಾಂಕ್ರೀಟು ನೋಡಲು ಗಟ್ಟಿಯಾಗೇ ಇತ್ತು, ಅನಿಲವನ್ನು ಮಾತ್ರ ಪೂರ್ತಿ ತಡೆಯಲಿಲ್ಲ.

1972ರಲ್ಲಿ ಆ ಊರಿಗೆಂದೇ ಕಾನೂನು ಮಾಡಬೇಕಾಯಿತು. ಖರ್ಚಿನ ಮುಕ್ಕಾಲು ಪಾಲು ಕೇಂದ್ರ ಸರ್ಕಾರದ್ದು, ಉಳಿದದ್ದು ರಾಜ್ಯದ್ದು. 1978ರಲ್ಲಿ ದೇಶದ ಎಲ್ಲ ಯುರೇನಿಯಂ ದಿಬ್ಬಗಳಿಗೂ ಸೇರಿ ಇನ್ನೊಂದು ಕಾನೂನು ಬಂತು. ಮನೆಯವರು ಸಾಮಾನು ಸರಿಸಿಕೊಟ್ಟು ನಿಂತರು, ಕೆಲಸಗಾರರು ನೆಲ ಒಡೆದು ಮರಳು ಬಗೆದು ಬೇರೆ ಮಣ್ಣು ತುಂಬಿ ಮತ್ತೆ ನೆಲ ಹಾಕಿದರು. ಒಂದಲ್ಲ ಎರಡಲ್ಲ, ನಾಲ್ಕು ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ. ದಿಬ್ಬದ ಮರಳನ್ನೂ ಮನೆಗಳಿಂದ ತೆಗೆದದ್ದನ್ನೂ ಊರಿಂದ ದೂರ ಒಯ್ದು ಹೂತು ಮುಚ್ಚುವ ಹೊತ್ತಿಗೆ 1990ರ ದಶಕ ಬಂದಿತ್ತು. ಪುಕ್ಕಟೆ ಮರಳು ಕೊಟ್ಟದ್ದು ಹದಿನಾಲ್ಕು ಹದಿನೈದು ವರ್ಷ. ವಾಪಸ್ ತೆಗೆಯಲು ಅದಕ್ಕಿಂತ ಜಾಸ್ತಿ ಹಿಡಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ಇದೇ ವಾಟ್ಸಾಪಿನಲ್ಲಿ ಬೇರೆ ರೂಪ ತಾಳುತ್ತದೆ. ಕೆಜಿಎಫ್ ಚಿನ್ನದ ಗಣಿ, ಯುರೇನಿಯಂ ಗಣಿಯಲ್ಲ. ಗ್ರ್ಯಾಂಡ್ ಜಂಕ್ಷನ್ನಿನ ಕಾಯಿಲೆ ನಮಗೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಎರಡೂ ಊರಿಗೆ ಸಮಾನವಾದದ್ದು ಒಂದೇ: ಮನೆ ಕಟ್ಟುವವರ ಕಣ್ಣಿಗೆ ಚೆಂದ ಕಾಣುವ, ದುಡ್ಡು ಕೊಡಬೇಕಿಲ್ಲದ ಮರಳಿನ ಗುಡ್ಡ.

ಕೆಟ್ಟ ಮಣ್ಣು ಎಂದ ಮಾತ್ರಕ್ಕೆ ಕೈಬಿಡಬೇಕು ಅಂತಲೂ ಇಲ್ಲ. 2012ರ ಒಲಿಂಪಿಕ್ಸಿಗೆ ಲಂಡನ್ನಿನ ಪೂರ್ವಭಾಗದಲ್ಲಿ ಆರಿಸಿಕೊಂಡ ಜಾಗ, ನೂರಾರು ವರ್ಷ ಕಾರ್ಖಾನೆಗಳು ಟಾರು, ಎಣ್ಣೆ, ಸೀಸ, ಆರ್ಸೆನಿಕ್ ಚೆಲ್ಲಿದ ನೆಲ. ಅಲ್ಲೇ 'ಮಣ್ಣಿನ ಆಸ್ಪತ್ರೆ' ಅಂತ ಹೆಸರಿಟ್ಟು, ಸುಮಾರು 20 ಲಕ್ಷ ಟನ್ ಮಣ್ಣನ್ನು ಪರೀಕ್ಷಿಸಿ, ತೊಳೆದು, ಕೆಲವನ್ನು ಕಟ್ಟಿಹಾಕಿ, ಬಹುಪಾಲು ಅಲ್ಲೇ ಮತ್ತೆ ಬಳಸಿದರು. ಮೇಲೆ ಶುದ್ಧ ಮಣ್ಣಿನ ಪದರ ಹಾಸಿದರು. ರೋಗಿಗೆ ಇರುವಂತೆ ಮಣ್ಣಿಗೂ ರಿಪೋರ್ಟು. ನಮ್ಮ ಹಳ್ಳಿಯಲ್ಲಿ ಹೊಲಕ್ಕೆ ಮಣ್ಣು ಪರೀಕ್ಷೆ ಕಾರ್ಡು ಕೊಡುತ್ತಾರಲ್ಲ, ಮನೆ ಕಟ್ಟುವ ಮಣ್ಣಿಗೆ ಅಂಥದ್ದೊಂದು ಯಾಕಿಲ್ಲ ಅಂತ ನನಗೆ ಅನ್ನಿಸಿದ್ದು ಇದನ್ನು ಓದುವಾಗ.

ಕೆಜಿಎಫ್ ಮಣ್ಣನ್ನು ಯಾರೂ ಪರೀಕ್ಷಿಸಿಲ್ಲ ಅಂದುಕೊಳ್ಳಬೇಡಿ. ಆಗ ಅಲ್ಲೇ ಇದ್ದ ರಾಷ್ಟ್ರೀಯ ಬಂಡೆ ಯಂತ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಿಬ್ಬದ ಮಣ್ಣಿನಿಂದ ಇಟ್ಟಿಗೆ ಮಾಡಿ ನೋಡಿ 2007ರಲ್ಲಿ ಪ್ರಕಟಿಸಿದ್ದಾರೆ. ದಿಬ್ಬದ ಹಿಟ್ಟಿಗೆ ಜಿಗುಟಿಲ್ಲ, ಬರೀ ಅದರಿಂದ ಇಟ್ಟಿಗೆ ಬರುವುದಿಲ್ಲ. ಅದಕ್ಕೇ ಎರಡು ದಾರಿ ನೋಡಿದರು. ಒಂದು, ಸಿಮೆಂಟು ಬೆರೆಸಿ ನೀರಿನಲ್ಲಿ ನೆನೆಸಿಡುವುದು. ಇನ್ನೊಂದು, ಎರೆಮಣ್ಣು ಅಥವಾ ಕೆಂಪುಮಣ್ಣು ಬೆರೆಸಿ ಬಿಸಿಲಲ್ಲಿ ಒಣಗಿಸಿ 750ರಿಂದ 950 ಡಿಗ್ರಿ ಶಾಖದಲ್ಲಿ ಸುಡುವುದು. ನೂರಕ್ಕೆ ಇಪ್ಪತ್ತು ಭಾಗ ಸಿಮೆಂಟು ಹಾಕಿ ಹದಿನಾಲ್ಕು ದಿನ ನೆನೆಸಿದ ಇಟ್ಟಿಗೆ ಬಲದಲ್ಲಿ ಪಾಸಾಯಿತು. ಆದರೆ ಅಷ್ಟು ಸಿಮೆಂಟು ಹಾಕಿದರೆ ಮಾಮೂಲಿ ಇಟ್ಟಿಗೆಗಿಂತ ದುಬಾರಿ. ಮಣ್ಣು ಬೆರೆಸಿ ಸುಟ್ಟದ್ದು ಅಗ್ಗ ಬಿತ್ತು.

ಅಂದರೆ ನಮ್ಮ ಮೇಸ್ತ್ರಿಯ ಉಪಾಯ ಬಲದ ಲೆಕ್ಕದಲ್ಲಿ ಸರಿ, ದುಡ್ಡಿನ ಲೆಕ್ಕದಲ್ಲಿ ಸೋತಿತು! ಮಾಲೂರಿನ ಗೂಡಿನವರ ವಿದ್ಯೆ ಗೆದ್ದಿತು. ಆದರೆ ಇಟ್ಟಿಗೆಯ ಗುಣ ಅಂತ ಅಲ್ಲಿ ಅಳೆದದ್ದು ಎಷ್ಟು ಕುಗ್ಗಿತು, ಎಷ್ಟು ನೀರು ಕುಡಿಯಿತು, ಎಷ್ಟು ಭಾರ ತಡೆಯಿತು ಅನ್ನುವ ಮೂರನ್ನು. ಯಾವ ಇಟ್ಟಿಗೆಗೂ ಕೇಳುವ ಪ್ರಶ್ನೆಗಳೇ ಅವು. ಆ ಡಬ್ಬಿ ತಿರುಗಿಸುವ ಪರೀಕ್ಷೆಯನ್ನು ದಿಬ್ಬ ದಿಬ್ಬಕ್ಕೂ ಬೇರೆಯಾಗಿ ಮಾಡಬೇಕಾಗುತ್ತದೆ, ಯಾಕೆಂದರೆ ಬೇರೆ ಬೇರೆ ಗಣಿಯ, ಬೇರೆ ಬೇರೆ ಕಾಲದ ಬಂಡೆ ಅಲ್ಲಿ ಬಿದ್ದಿದೆ. ಸುಡುವಾಗಲೂ ಹುಷಾರಿರಬೇಕು, ಆರ್ಸೆನಿಕ್ಕಿನಂಥದ್ದು ಶಾಖಕ್ಕೆ ಹೊಗೆಯ ಜೊತೆ ಹೊರಡಬಹುದು. ಗೂಡಿನ ಮುಂದೆ ನಿಂತು ಉಸಿರಾಡುವವರು ಯಾರು ಅಂತ ನಿಮಗೇ ಗೊತ್ತು.

ಇದೆಲ್ಲ ಈಗ ಯಾಕೆ ಅಂದರೆ, ಆ ದಿಬ್ಬಗಳು ಮತ್ತೆ ಅಲುಗಾಡಲಿವೆ. 13 ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಒಪ್ಪಿತು. ಜಾಗ ಸಾವಿರ ಎಕರೆಗೂ ಸ್ವಲ್ಪ ಜಾಸ್ತಿ. ಹಳೇ ಕಾಲದ ಮಿಲ್ಲಿನ ಕೈತಪ್ಪಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಉಳಿದಿರುವ ಚಿನ್ನವನ್ನು ಈಗಿನ ರೇಟಿನಲ್ಲಿ ತೆಗೆದರೂ ಲಾಭ ಅನ್ನುವ ಲೆಕ್ಕ. ಪೇಪರುಗಳಲ್ಲಿ ಬಂದದ್ದೆಲ್ಲ ಚಿನ್ನ, ಉದ್ಯೋಗ, ಗತವೈಭವ. ನಾನೂ ಅಂಥದ್ದೇ ಒಂದು ಸುದ್ದಿ ಕಳಿಸಿದ್ದೆ, ಸುಳ್ಳು ಹೇಳಲ್ಲ.

ಒಂದು ಗ್ರಾಂ ತೆಗೆದ ಮೇಲೆ ಒಂದು ಟನ್ನಿನಲ್ಲಿ ಉಳಿಯುವುದು ಎಷ್ಟು ಅನ್ನುವುದಕ್ಕೆ ಕ್ಯಾಲ್ಕುಲೇಟರ್ ಬೇಡ. 3 ಕೋಟಿ 30 ಲಕ್ಷ ಟನ್ ಹಾಗೇ ಇರುತ್ತದೆ. ಇನ್ನೊಂದು ಸಲ ರಸಾಯನ ಕುಡಿದು, ಒದ್ದೆಯಾಗಿ, ಎಲ್ಲೋ ಸುರಿಸಿಕೊಂಡು. ಆಗ "ಇದನ್ನು ಇಟ್ಟಿಗೆಗೆ, ರಸ್ತೆಗೆ, ಹಳ್ಳ ತುಂಬಲು ಕೊಡೋಣ" ಅನ್ನುವ ಮಾತು ಬಂದೇ ಬರುತ್ತದೆ. ಬರಲಿ, ಅದು ಕೆಟ್ಟ ಮಾತಲ್ಲ. ಅದರ ಜೊತೆ ರಿಪೋರ್ಟು ಬರುತ್ತದಾ, ಬಂದರೆ ಯಾವ ದಿಬ್ಬದ್ದು, ಅದನ್ನು ಗ್ರಾಮ ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸುತ್ತಾರಾ ಅನ್ನುವುದು ನಾವು ಕೇಳಬೇಕಾದದ್ದು. ಅಲ್ಲಿ ತಮಿಳಿನಲ್ಲೂ ಅಂಟಿಸಬೇಕು, ಆ ಧೂಳು ಮೊದಲು ಕುಡಿದವರು ಅವರು.

ಮೇಸ್ತ್ರಿಗೆ ಇಷ್ಟನ್ನೂ ಎರಡು ಟೀ ಮುಗಿಯುವಷ್ಟು ಹೊತ್ತು ಹೇಳಿದೆ. ಪೂರ್ತಿ ಕೇಳಿ, "ಆ ಡಬ್ಬಿ ತಿರುಗಿಸೋ ಟೆಸ್ಟು ನಾವು ಮಾಡಿಸಬೋದಾ ಸಾರ್? ಎಷ್ಟಾಗುತ್ತೆ?" ಅಂದರು. ಅದನ್ನೇ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಕೇಳಿದ್ದೆ. ಯಾವ ಮಣ್ಣು, ಯಾರ ಜಾಗ, ನಿಮಗ್ಯಾಕೆ ಅಂತ ಮೂರು ಪ್ರಶ್ನೆ ವಾಪಸ್ ಬಂತು. ಅರ್ಜಿ ಬರೆದು ಕೊಟ್ಟು ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ. ನಮ್ಮ ರೂಮಿಗೆ ಎಂ-ಸ್ಯಾಂಡೇ ಹಾಕಿಸಿದೆವು, ಅರ್ಧ ಲೋಡು ಸಾಲದಲ್ಲಿ.